ಪಿಎಸ್5ರಲ್ಲಿ ಗೇಮ್ ಇಳಿಸಿ ಇನ್‌ಸ್ಟಾಲ್ ಮಾಡುವ ಸಮಗ್ರ ಮಾರ್ಗದರ್ಶಿ: ಡೌನ್‌ಲೋಡ್ ಗುಂಡಿ ಒತ್ತುವುದು ಆರನೆಯ ಕೆಲಸ

ಕಳೆದ ದೀಪಾವಳಿಯ ರಾತ್ರಿ ಹನ್ನೊಂದು ಗಂಟೆಗೆ ಅಕ್ಕನ ಮಗ ಶಿವಮೊಗ್ಗದಿಂದ ಫೋನ್ ಮಾಡಿದ. "ಮಾಮಾ, ಗೇಮ್ ತೊಂಬತ್ತೊಂಬತ್ತು ಪರ್ಸೆಂಟ್‌ಗೆ ಬಂದು ನಿಂತುಬಿಟ್ಟಿದೆ. ಅಳಿಸಿ ಮತ್ತೆ ಹಾಕಲೇ?" ಅದು ಅವನ ಮೂರನೆಯ ಪ್ರಯತ್ನ. ನೂರು ಜಿಬಿಯ ಆ ಗೇಮನ್ನು ಹಿಂದಿನ ಎರಡು ಸಲವೂ ಅವನು ಪೂರ್ತಿ ಇಳಿಸಿಕೊಂಡಿದ್ದ. ಎರಡು ಸಲವೂ ಕೊನೆಯ ಹತ್ತು ನಿಮಿಷ ಕಾಯಲಾರದೆ ತಾನೇ ಅಳಿಸಿಹಾಕಿದ್ದ.

ಇಂಥ ಕರೆಗಳು ನನಗೆ ತಿಂಗಳಿಗೆ ನಾಲ್ಕಾರು ಬರುತ್ತವೆ. ಕೇಳುವವರು ಬೇರೆ ಬೇರೆ, ತಪ್ಪು ಮಾತ್ರ ಹೆಚ್ಚುಕಡಿಮೆ ಒಂದೇ: ಮೊದಲು ಡೌನ್‌ಲೋಡ್ ಒತ್ತುತ್ತಾರೆ, ಆಮೇಲೆ ಜಾಗ ನೋಡುತ್ತಾರೆ, ಇಂಟರ್‌ನೆಟ್ ನೋಡುತ್ತಾರೆ, ತೆಗೆದುಕೊಂಡಿದ್ದು ಸರಿಯಾದ ಆವೃತ್ತಿಯೇ ಎಂದು ನೋಡುತ್ತಾರೆ. ಕ್ರಮ ತಿರುಗಿಸಿದರೆ ಮುಕ್ಕಾಲು ಪಾಲು ತೊಂದರೆ ಹುಟ್ಟುವುದೇ ಇಲ್ಲ. ಈ ಬರಹ ಟಿವಿಗೆ ಜೋಡಿಸಿ ಗೇಮ್ ಆಡುವ ಸೋನಿಯ ಕನ್ಸೋಲ್ ಪ್ಲೇಸ್ಟೇಷನ್ 5ಕ್ಕೆ (ಪಿಎಸ್5) ಸಂಬಂಧಿಸಿದ್ದು. ಎಕ್ಸ್‌ಬಾಕ್ಸ್ ಮತ್ತು ನಿಂಟೆಂಡೊ ಸ್ವಿಚ್‌ನಲ್ಲಿ ಎಲ್ಲೆಲ್ಲಿ ವ್ಯತ್ಯಾಸವಿದೆ ಎಂಬುದನ್ನು ಕೊನೆಯಲ್ಲಿ ಹೇಳಿದ್ದೇನೆ. ಮೆನುವಿನ ಹೆಸರುಗಳನ್ನು ಪರದೆಯ ಮೇಲೆ ಕಾಣುವ ಇಂಗ್ಲಿಷ್ ಹೆಸರಿನಲ್ಲೇ ಕೊಟ್ಟಿದ್ದೇನೆ, ಹುಡುಕಲು ಸುಲಭವಾಗಲಿ ಎಂದು.

ಕೈಗೆ ಸಿಗುವಂತೆ ಇಟ್ಟುಕೊಳ್ಳಬೇಕಾದ ವಸ್ತುಗಳು

ಖಾತೆಯ ಇಮೇಲ್ ಮತ್ತು ಪಾಸ್‌ವರ್ಡ್. ಎರಡು ಹಂತದ ದೃಢೀಕರಣ ಹಾಕಿಕೊಂಡಿದ್ದರೆ ಆ ಸಂಖ್ಯೆಯ ಫೋನ್ ಪಕ್ಕದಲ್ಲೇ ಇರಲಿ. ಮಗನ ಕನ್ಸೋಲ್, ಅಪ್ಪನ ಫೋನ್, ಅಪ್ಪ ಆಫೀಸಿನಲ್ಲಿ ಎಂಬಂತಾದರೆ ಕೆಲಸ ಅಲ್ಲಿಗೇ ನಿಲ್ಲುತ್ತದೆ.

ಕಂಟ್ರೋಲರ್‌ಗೆ ಹೊಂದುವ ಯುಎಸ್‌ಬಿ-ಸಿ ಕೇಬಲ್ ಒಂದು. ಇದು ಡೇಟಾ ಸಾಗಿಸುವ ಕೇಬಲ್ ಆಗಿರಬೇಕು. ಅಗ್ಗದ ಕೆಲವು ಕೇಬಲ್‌ಗಳು ಚಾರ್ಜ್ ಮಾಡುತ್ತವೆ ಅಷ್ಟೆ, ಸೇಫ್ ಮೋಡ್‌ನಲ್ಲಿ (ತೊಂದರೆ ಸರಿಪಡಿಸಲೆಂದು ಕನ್ಸೋಲನ್ನು ತೆರೆಯುವ ವಿಶೇಷ ರೀತಿ) ಅವುಗಳಿಂದ ಕಂಟ್ರೋಲರ್ ಕನ್ಸೋಲ್‌ಗೆ ಗೊತ್ತೇ ಆಗುವುದಿಲ್ಲ. ಇದರ ಜೊತೆಗೆ ರೂಟರ್‌ನಿಂದ ಕನ್ಸೋಲ್‌ವರೆಗೆ ಮುಟ್ಟುವಷ್ಟು ಉದ್ದದ, ಕ್ಯಾಟ್ 5ಇ ಅಥವಾ ಕ್ಯಾಟ್ 6 ಎಂದು ಮೈಮೇಲೆ ಅಚ್ಚಾಗಿರುವ ಲ್ಯಾನ್ ಕೇಬಲ್ ಮತ್ತು ಒಂದು ಖಾಲಿ ಪೆನ್‌ಡ್ರೈವ್ ಇರಲಿ. ಜಾಗ ಹೆಚ್ಚಿಸಲು ಕನ್ಸೋಲ್ ಒಳಗೆ ಎಸ್‌ಎಸ್‌ಡಿ (ವೇಗದ ಸ್ಟೋರೇಜ್ ಡ್ರೈವ್) ಕೂರಿಸುವ ವಿಚಾರವಿದ್ದರೆ 1ನೇ ಸೈಜಿನ ಫಿಲಿಪ್ಸ್ ಸ್ಕ್ರೂಡ್ರೈವರ್ ಕೂಡ ಬೇಕು.

ಹಂತ 1: ಖಾತೆ, ದೇಶ, ಆವೃತ್ತಿ

ಪ್ಲೇಸ್ಟೇಷನ್ ಖಾತೆ ತೆರೆಯುವಾಗ ಆಯ್ದ ದೇಶವನ್ನು ಆಮೇಲೆ ಬದಲಿಸಲು ಆಗುವುದಿಲ್ಲ. ಭಾರತದ ಖಾತೆಗೆ ಭಾರತದ ಗಿಫ್ಟ್ ಕೋಡ್ ಮಾತ್ರ ಹಿಡಿಯುತ್ತದೆ. ಅಮೆರಿಕದಲ್ಲಿರುವ ಅಣ್ಣ ಪ್ರೀತಿಯಿಂದ ಕಳಿಸಿದ ಡಾಲರ್ ಕೋಡ್ ಇಲ್ಲಿ ಉಪಯೋಗಕ್ಕೆ ಬಾರದು. ಡಿಸ್ಕ್ ವಿಷಯ ಇನ್ನೂ ಸೂಕ್ಷ್ಮ. ಬೇರೆ ದೇಶದಲ್ಲಿ ಕೊಂಡ ಪಿಎಸ್5 ಡಿಸ್ಕ್ ಇಲ್ಲಿ ಆಡಲು ಬರುತ್ತದೆ, ಆದರೆ ಅದಕ್ಕೆ ಸೇರುವ ಹೆಚ್ಚುವರಿ ಭಾಗಗಳನ್ನು ಆ ಡಿಸ್ಕಿನ ಪ್ರದೇಶಕ್ಕೆ ಹೊಂದುವ ಸ್ಟೋರ್‌ನಿಂದಲೇ ಕೊಳ್ಳಬೇಕು. ಅಮೆರಿಕದ ಡಿಸ್ಕ್ ಹಾಕಿ, ಭಾರತದ ಸ್ಟೋರ್‌ನಲ್ಲಿ ಹೆಚ್ಚುವರಿ ಭಾಗಕ್ಕೆ ಹಣ ಕೊಟ್ಟು, ಅದು ಗೇಮ್‌ನಲ್ಲಿ ಕಾಣಲಿಲ್ಲ ಎಂದು ಪೇಚಾಡುವವರನ್ನು ಕಂಡಿದ್ದೇನೆ.

ಕೊಳ್ಳುವ ಮೊದಲು ಗೇಮ್‌ನ ಪುಟದಲ್ಲಿ ಅದು ಪಿಎಸ್4 ಆವೃತ್ತಿಯೋ ಪಿಎಸ್5 ಆವೃತ್ತಿಯೋ ನೋಡಿ. ಎರಡೂ ನಿಮ್ಮ ಪಾಲಿಗೆ ಇದ್ದರೆ, ಡೌನ್‌ಲೋಡ್ ಗುಂಡಿಯ ಪಕ್ಕದ ಮೂರು ಚುಕ್ಕೆಗಳನ್ನು ಒತ್ತಿ ಬೇಕಾದ್ದನ್ನು ಆರಿಸಬಹುದು. ಪಿಎಸ್4 ಆವೃತ್ತಿಯೂ ಪಿಎಸ್5ರಲ್ಲಿ ಓಡುವುದರಿಂದ ತಪ್ಪು ಬೇಗ ಗೊತ್ತಾಗುವುದಿಲ್ಲ. ಎಂಬತ್ತು ಜಿಬಿ ಇಳಿದ ಮೇಲೆ ಚಿತ್ರ ಯಾಕೋ ಮಂಕಾಗಿದೆ ಅನ್ನಿಸಿ, ಆಗ ಹುಡುಕಲು ಹೊರಡುತ್ತೇವೆ.

ಇಲ್ಲಿ ನಿಧಾನಿಸಲು ಇನ್ನೂ ದೊಡ್ಡ ಕಾರಣವಿದೆ. ಪ್ಲೇಸ್ಟೇಷನ್ ಸ್ಟೋರ್‌ನಲ್ಲಿ ಕೊಂಡ ಗೇಮ್‌ಗೆ 14 ದಿನಗಳ ಒಳಗೆ ಹಣ ವಾಪಸ್ ಕೇಳಬಹುದು, ಆದರೆ ಡೌನ್‌ಲೋಡ್ ಶುರುವಾಗಿರಬಾರದು. ಶುರುವಾಯಿತೆಂದರೆ, ಗೇಮ್‌ನಲ್ಲೇ ದೋಷವಿದ್ದ ಹೊರತು ಆ ಬಾಗಿಲು ಮುಚ್ಚುತ್ತದೆ. ಐದು ಸಾವಿರ ರೂಪಾಯಿಯ ವಸ್ತು ಕೊಳ್ಳುವಾಗ ಈ ಒಂದು ಸಾಲು ತಲೆಯಲ್ಲಿರಲಿ.

ಹಂತ 2: ಸಿಸ್ಟಂ ಸಾಫ್ಟ್‌ವೇರ್

ಸೆಟ್ಟಿಂಗ್ಸ್, ಸಿಸ್ಟಂ, ಸಿಸ್ಟಂ ಸಾಫ್ಟ್‌ವೇರ್ ಎಂದು ಒಳಹೊಕ್ಕು ಅಪ್‌ಡೇಟ್ ಇದ್ದರೆ ಮೊದಲು ಅದನ್ನು ಮುಗಿಸಿ. ಹಳೆಯ ಸಾಫ್ಟ್‌ವೇರ್‌ನಲ್ಲಿ ಹೊಸ ಗೇಮ್ ಇಳಿದರೂ ತೆರೆಯುವಾಗ ತಡೆಯಬಹುದು.

ಮನೆಯ ಇಂಟರ್‌ನೆಟ್ ಕೈಕೊಡುತ್ತಿದ್ದರೆ ಕಂಪ್ಯೂಟರ್‌ನಲ್ಲಿ ಪ್ಲೇಸ್ಟೇಷನ್‌ನ ಅಧಿಕೃತ ತಾಣದಿಂದ ಅಪ್‌ಡೇಟ್ ಕಡತ ಇಳಿಸಿಕೊಂಡು ಪೆನ್‌ಡ್ರೈವ್ ಮೂಲಕ ಹಾಕಬಹುದು. ಪೆನ್‌ಡ್ರೈವ್ ಫ್ಯಾಟ್32 ಅಥವಾ ಎಕ್ಸ್‌ಫ್ಯಾಟ್ ಮಾದರಿಯಲ್ಲಿರಬೇಕು. ಅದರಲ್ಲಿ 'ಪಿಎಸ್5' ಎಂಬ ಫೋಲ್ಡರ್, ಅದರೊಳಗೆ 'ಅಪ್‌ಡೇಟ್' ಎಂಬ ಫೋಲ್ಡರ್, ಎರಡೂ ಹೆಸರು ಇಂಗ್ಲಿಷ್ ದೊಡ್ಡಕ್ಷರಗಳಲ್ಲಿ. ಫೋಲ್ಡರ್ ಹೆಸರಿನಲ್ಲಿ ಒಂದು ಸಣ್ಣಕ್ಷರ ಬಿದ್ದಿದ್ದಕ್ಕೇ ಕಡತ ಸಿಗಲಿಲ್ಲ ಎಂಬ ಸಂದೇಶ ನೋಡುತ್ತ ಅರ್ಧ ದಿನ ಕಳೆದವರಿದ್ದಾರೆ.

ಹಂತ 3: ಜಾಗ

ಡಬ್ಬಿಯ ಮೇಲಿನ ಸಂಖ್ಯೆಯನ್ನು ನಂಬಬೇಡಿ. ಮೊದಲ ಮಾದರಿಯ ಪಿಎಸ್5ರಲ್ಲಿ 825 ಜಿಬಿ ಎಂದಿದ್ದರೂ ಗೇಮ್‌ಗಳಿಗೆ ಸಿಗುವುದು ಸುಮಾರು 667 ಜಿಬಿ. ಒಂದು ಟಿಬಿಯ ಸ್ಲಿಮ್ ಮಾದರಿಯಲ್ಲಿ ಸುಮಾರು 842 ಜಿಬಿ. ಉಳಿದದ್ದು ಸಿಸ್ಟಂ ಪಾಲಿಗೆ. ದೊಡ್ಡ ಗೇಮ್‌ಗಳು ಈಗ ನೂರು ಜಿಬಿ ದಾಟುವುದು ಮಾಮೂಲಾಗಿದೆ, ಅಂದರೆ ಮೊದಲ ಮಾದರಿಯಲ್ಲಿ ಅಂಥವು ಆರು ಹಿಡಿದರೆ ಹೆಚ್ಚು.

ಸೆಟ್ಟಿಂಗ್ಸ್, ಸ್ಟೋರೇಜ್, ಕನ್ಸೋಲ್ ಸ್ಟೋರೇಜ್ ತೆರೆಯಿರಿ. ಬಣ್ಣದ ಪಟ್ಟಿಯಲ್ಲಿ ಏನೇನು ಎಷ್ಟು ಜಾಗ ತಿಂದಿದೆ ಎಂದು ಕಾಣುತ್ತದೆ. ಇಳಿಸಬೇಕಾದ ಗೇಮ್ ನೂರು ಜಿಬಿಯದಾದರೆ ನೂರೇ ಜಿಬಿ ಖಾಲಿ ಇಟ್ಟುಕೊಂಡು ಕೂರಬೇಡಿ. ಮೊದಲ ದಿನದ ಅಪ್‌ಡೇಟ್ ಇರುತ್ತದೆ, ಅಪ್‌ಡೇಟನ್ನು ಜೋಡಿಸುವಾಗ ಕೆಲಸಕ್ಕೆಂದು ಒಂದಿಷ್ಟು ಜಾಗ ತಾತ್ಕಾಲಿಕವಾಗಿ ಬೇಕಾಗುತ್ತದೆ. ಗೇಮ್‌ನ ಗಾತ್ರಕ್ಕಿಂತ ಐವತ್ತು ಜಿಬಿಯಾದರೂ ಹೆಚ್ಚು ಖಾಲಿ ಇರುವಂತೆ ನೋಡಿಕೊಳ್ಳುವುದು ನನ್ನ ರೂಢಿ. ಮನೆಗೆ ನಾಲ್ಕು ಜನ ಊಟಕ್ಕೆ ಬಂದರೆ ನಾಲ್ಕೇ ಎಲೆಯಷ್ಟು ಜಾಗ ಬಿಟ್ಟು ಕೂರಿಸಿದರೆ ಬಡಿಸುವವರು ಓಡಾಡುವುದೆಲ್ಲಿ?

ಗೇಮ್ ಅಳಿಸಲು ಹೆದರಬೇಡಿ. ಗೇಮ್ ಅಳಿಸಿದರೆ ನೀವು ಆಡಿ ಉಳಿಸಿಕೊಂಡ ಪ್ರಗತಿ ಅಳಿಸಿಹೋಗುವುದಿಲ್ಲ, ಅದು ಬೇರೆ ಕಡೆ ಇರುತ್ತದೆ. ಅದೇ ಸ್ಟೋರೇಜ್ ಮೆನುವಿನಲ್ಲಿ 'ಸೇವ್ಡ್ ಡೇಟಾ' ಎಂಬ ಬೇರೆ ಸಾಲಿದೆ. ಅದನ್ನು ಮಾತ್ರ ಮುಟ್ಟಬೇಡಿ. ಪಿಎಸ್5 ಗೇಮ್‌ಗಳ ಪ್ರಗತಿಯನ್ನು ಪೆನ್‌ಡ್ರೈವ್‌ಗೆ ನಕಲು ಮಾಡಲು ಬರುವುದಿಲ್ಲ. ಪಿಎಸ್ ಪ್ಲಸ್ ಚಂದಾ ಇದ್ದರೆ ಕ್ಲೌಡ್‌ನಲ್ಲಿ, ಅಂದರೆ ಸೋನಿಯ ಸರ್ವರ್‌ನಲ್ಲಿ, ಒಂದು ಪ್ರತಿ ಇರುತ್ತದೆ, ಇಲ್ಲದಿದ್ದರೆ ಕನ್ಸೋಲ್‌ನಲ್ಲಿರುವುದೊಂದೇ ಗತಿ.

ಹೊರಗಿನ ಯುಎಸ್‌ಬಿ ಹಾರ್ಡ್ ಡಿಸ್ಕ್ ವಿಷಯದಲ್ಲಿ ಬಹಳ ಮಂದಿ ಎಡವುತ್ತಾರೆ. 250 ಜಿಬಿಯಿಂದ 8 ಟಿಬಿವರೆಗಿನ, ಸೂಪರ್‌ಸ್ಪೀಡ್ ಯುಎಸ್‌ಬಿ ಡ್ರೈವನ್ನು ಪಿಎಸ್5 ಒಪ್ಪುತ್ತದೆ. ಅದರಲ್ಲಿ ಪಿಎಸ್4 ಗೇಮ್‌ಗಳನ್ನು ಇಟ್ಟು ಅಲ್ಲಿಂದಲೇ ಆಡಬಹುದು. ಪಿಎಸ್5 ಗೇಮ್‌ಗಳನ್ನು ಇಡಬಹುದೇ ಹೊರತು ಅಲ್ಲಿಂದ ಆಡಲಾಗದು, ಆಡುವ ಮೊದಲು ಒಳಗಿನ ಸ್ಟೋರೇಜ್‌ಗೆ ತಂದುಕೊಳ್ಳಬೇಕು. ಆದರೂ ಇದು ಒಳ್ಳೆಯ ಉಗ್ರಾಣ: ಮತ್ತೆ ನೂರು ಜಿಬಿ ಇಳಿಸುವುದಕ್ಕಿಂತ ಹಾರ್ಡ್ ಡಿಸ್ಕ್‌ನಿಂದ ಒಳಗೆ ಸಾಗಿಸುವುದು ನಮ್ಮ ಊರುಗಳ ಸಂಪರ್ಕದಲ್ಲಿ ಎಷ್ಟೋ ಬೇಗ. ಡ್ರೈವನ್ನು ನೇರವಾಗಿ ಕನ್ಸೋಲ್‌ಗೇ ಚುಚ್ಚಿ, ಯುಎಸ್‌ಬಿ ಹಬ್ ಮೂಲಕ ಜೋಡಿಸಿದರೆ ನಡೆಯುವುದಿಲ್ಲ. ಮೊದಲ ಸಲ ಫಾರ್ಮ್ಯಾಟ್ ಮಾಡುವಾಗ ಅದರಲ್ಲಿದ್ದುದೆಲ್ಲ ಹೋಗುತ್ತದೆ. ಮದುವೆಯ ಫೋಟೊಗಳಿರುವ ಡ್ರೈವನ್ನು ಚುಚ್ಚಬೇಡಿ.

ಹಂತ 4: ಇಂಟರ್‌ನೆಟ್

ಮೊದಲು ಲೆಕ್ಕ ಮಾಡಿ. ಇಂಟರ್‌ನೆಟ್ ಕಂಪನಿ ಹೇಳುವ ವೇಗ ಮೆಗಾಬಿಟ್‌ನಲ್ಲಿ, ಗೇಮ್‌ನ ಗಾತ್ರ ಬೈಟ್‌ನಲ್ಲಿ. ಒಂದು ಬೈಟ್‌ಗೆ ಎಂಟು ಬಿಟ್. ನೂರು ಎಂಬಿಪಿಎಸ್ ಸಂಪರ್ಕ ಎಂದರೆ ಸೆಕೆಂಡಿಗೆ ಹೆಚ್ಚೆಂದರೆ ಹನ್ನೆರಡೂವರೆ ಮೆಗಾಬೈಟ್. ನೂರು ಜಿಬಿಯ ಗೇಮ್‌ಗೆ ಅಂಥ ಸಂಪರ್ಕದಲ್ಲಿ ಎಲ್ಲ ಸರಿಯಿದ್ದರೂ ಎರಡು ಗಂಟೆ ಹದಿಮೂರು ನಿಮಿಷ ಬೇಕು. 40 ಎಂಬಿಪಿಎಸ್‌ನಲ್ಲಿ ಐದೂವರೆ ಗಂಟೆ. ಇದನ್ನು ಮೊದಲೇ ತಿಳಿದುಕೊಂಡರೆ ಅರ್ಧದಲ್ಲಿ ಅಧೀರರಾಗಿ ರದ್ದು ಮಾಡುವುದಿಲ್ಲ.

ಮೊಬೈಲ್ ಹಾಟ್‌ಸ್ಪಾಟ್‌ನಿಂದ ಇಳಿಸುವ ಯೋಚನೆ ಬಿಡಿ. ದಿನಕ್ಕೆ ಎರಡು ಜಿಬಿ ಸಿಗುವ ಪ್ಯಾಕ್‌ನಲ್ಲಿ ನೂರು ಜಿಬಿ ಇಳಿಸಲು ಐವತ್ತು ದಿನ ಬೇಕು. ಮನೆಯ ಫೈಬರ್‌ನಲ್ಲಿಯೂ 'ಅನಿಯಮಿತ' ಎಂಬ ಪದದ ಹಿಂದೆ ತಿಂಗಳ ಮಿತಿ ಇರಬಹುದು, ನಮ್ಮಲ್ಲಿ ಹಲವು ಪ್ಲಾನ್‌ಗಳಿಗೆ ಅದು 3300 ಜಿಬಿ. ಒಂದು ಮನೆಗೆ ಅದು ಧಾರಾಳ. ಸಣ್ಣ ಪ್ಲಾನ್‌ಗಳಲ್ಲಿ ಮಿತಿ ಇನ್ನೂ ಕಡಿಮೆ ಇರುವುದರಿಂದ ಒಮ್ಮೆ ಬಿಲ್ ತೆಗೆದು ನೋಡಿ. ಮಿತಿ ಮುಗಿದ ಮೇಲೆ ವೇಗ ನೆಲಕಚ್ಚುತ್ತದೆ, ನಾವು ಕನ್ಸೋಲ್ ಕೆಟ್ಟಿದೆ ಅಂದುಕೊಳ್ಳುತ್ತೇವೆ.

ಸಾಧ್ಯವಿದ್ದಲ್ಲೆಲ್ಲ ಲ್ಯಾನ್ ಕೇಬಲ್ ಬಳಸಿ. ವೈಫೈಯೇ ಗತಿ ಎಂದಾದರೆ 5 ಗಿಗಾಹರ್ಟ್ಸ್ ಜಾಲಕ್ಕೆ ಸೇರಿಸಿ. ಅದು 2.4ಕ್ಕಿಂತ ಬಹಳ ವೇಗದ್ದು, ಆದರೆ ಗೋಡೆ ದಾಟುವ ಶಕ್ತಿ ಕಡಿಮೆ. ಹಳೆಯ ಕಾಲದ ದಪ್ಪ ಗೋಡೆಯ ಮನೆಗಳಲ್ಲಿ, ಮಹಡಿಯಲ್ಲಿ ಕನ್ಸೋಲ್ ಮತ್ತು ಕೆಳಗೆ ರೂಟರ್ ಇದ್ದರೆ 2.4 ಒಂದೇ ತಲುಪಬಹುದು. ಅಂಥಲ್ಲಿ ಡೌನ್‌ಲೋಡ್ ಮಾಡುವ ರಾತ್ರಿಯ ಮಟ್ಟಿಗೆ ಕನ್ಸೋಲನ್ನೇ ರೂಟರ್ ಬಳಿ ಒಯ್ದು ಇಡಿ. ಟಿವಿಯಲ್ಲಿ ಡೌನ್‌ಲೋಡ್ ಶುರುಮಾಡಿ, ಆಮೇಲೆ ಆಫ್ ಮಾಡಿ ರೂಟರ್ ಬಳಿ ಜೋಡಿಸಿ ಆನ್ ಮಾಡಿದರೆ ಸಾಕು, ಅಲ್ಲಿ ಟಿವಿ ಬೇಕಿಲ್ಲ. ಇದನ್ನು ಯಾರೂ ಹೇಳುವುದಿಲ್ಲ, ಆದರೆ ಇಷ್ಟು ಸರಳ ಪರಿಹಾರ ಬೇರೆ ಇಲ್ಲ.

ಕೇಬಲ್‌ನ ಬಗ್ಗೆ ಒಂದು ಮಾತು. ಮೈಸೂರಿನ ಗೆಳೆಯನೊಬ್ಬನ ಮನೆಯಲ್ಲಿ 300 ಎಂಬಿಪಿಎಸ್ ಪ್ಲಾನ್ ಇತ್ತು, ಪರೀಕ್ಷೆ ಮಾಡಿದಾಗಲೆಲ್ಲ 94ಕ್ಕಿಂತ ಮೇಲೆ ಏರುತ್ತಿರಲಿಲ್ಲ. ಕಂಪನಿಗೆ ನಾಲ್ಕು ಸಲ ದೂರು ಕೊಟ್ಟಿದ್ದ. ನಾನು ಹೋಗಿ ರೂಟರ್ ಹಿಂದಿನ ಕೇಬಲ್ ಕಳಚಿ ಕಿಟಕಿಯ ಬೆಳಕಿಗೆ ಹಿಡಿದೆ. ತುದಿಯ ಪಾರದರ್ಶಕ ಪ್ಲಗ್‌ನಲ್ಲಿ ಎಂಟು ಹಿತ್ತಾಳೆ ಬಣ್ಣದ ಪಿನ್‌ಗಳಿದ್ದವು. ತಂತಿ ಇದ್ದದ್ದು ನಾಲ್ಕಕ್ಕೆ ಮಾತ್ರ: ಕಿತ್ತಳೆ ಜೋಡಿ, ಹಸಿರು ಜೋಡಿ. ನೀಲಿಯೂ ಕಂದು ಬಣ್ಣದ್ದೂ ಇರಲೇ ಇಲ್ಲ. ಗಿಗಾಬಿಟ್ ವೇಗಕ್ಕೆ ಎಂಟೂ ತಂತಿ ಬೇಕು, ನಾಲ್ಕಿದ್ದರೆ ನೂರರ ಆಚೆ ಹೋಗುವುದು ಸಾಧ್ಯವೇ ಇಲ್ಲ. ಕೇಬಲ್ ಬದಲಿಸಿದ ಕೂಡಲೇ ವೇಗ ಮುನ್ನೂರರ ಹತ್ತಿರ ಬಂತು. ನಿಮ್ಮ ವೇಗವೂ 90ರಿಂದ 95ರ ನಡುವೆ ಗಟ್ಟಿಯಾಗಿ ನಿಂತಿದ್ದರೆ ಮೊದಲು ಈ ಪ್ಲಗ್ ನೋಡಿ.

ಪರೀಕ್ಷೆ ಮಾಡಲು ಸೆಟ್ಟಿಂಗ್ಸ್, ನೆಟ್‌ವರ್ಕ್, ಕನೆಕ್ಷನ್ ಸ್ಟೇಟಸ್, ಟೆಸ್ಟ್ ಇಂಟರ್‌ನೆಟ್ ಕನೆಕ್ಷನ್. ಬೆಳಿಗ್ಗೆ ಒಮ್ಮೆ, ರಾತ್ರಿ ಒಂಬತ್ತಕ್ಕೆ ಒಮ್ಮೆ ಮಾಡಿ ನೋಡಿ. ಎರಡರ ನಡುವೆ ಭಾರಿ ಅಂತರವಿದ್ದರೆ ರಾತ್ರಿಯದು ಬೀದಿಯವರೆಲ್ಲ ಒಟ್ಟಿಗೆ ಇಂಟರ್‌ನೆಟ್ ಬಳಸುತ್ತಿರುವ ಹೊತ್ತು. ಗೇಮನ್ನು ಮಲಗುವಾಗ ಹಚ್ಚಿಬಿಡಿ.

ಹಂತ 5: ಕರೆಂಟ್ ಮತ್ತು ರೆಸ್ಟ್ ಮೋಡ್

ರಾತ್ರಿಯಿಡೀ ಇಳಿಯಬೇಕೆಂದರೆ ಕನ್ಸೋಲನ್ನು ಪೂರ್ತಿ ಆಫ್ ಮಾಡಬಾರದು, ರೆಸ್ಟ್ ಮೋಡ್ ಎಂಬ ಅರೆನಿದ್ದೆಯ ಸ್ಥಿತಿಯಲ್ಲಿ ಇಡಬೇಕು. ಬಹಳ ಜನ ರೆಸ್ಟ್ ಮೋಡ್‌ಗೆ ಹಾಕಿಯೂ ಬೆಳಿಗ್ಗೆ ಎದ್ದು ನೋಡಿದರೆ ಡೌನ್‌ಲೋಡ್ ಇದ್ದಲ್ಲೇ ಇರುತ್ತದೆ. ಕಾರಣ ಒಂದು ಸ್ವಿಚ್. ಸೆಟ್ಟಿಂಗ್ಸ್, ಸಿಸ್ಟಂ, ಪವರ್ ಸೇವಿಂಗ್, ಫೀಚರ್ಸ್ ಅವೈಲಬಲ್ ಇನ್ ರೆಸ್ಟ್ ಮೋಡ್ ಎಂಬಲ್ಲಿ 'ಸ್ಟೇ ಕನೆಕ್ಟೆಡ್ ಟು ದಿ ಇಂಟರ್‌ನೆಟ್' ಆನ್ ಆಗಿರಬೇಕು. ರೆಸ್ಟ್ ಮೋಡ್‌ಗೆ ಹೋಗುವಾಗ ದೀಪ ಮಿನುಗುತ್ತದೆ, ಕಿತ್ತಳೆ ಬಣ್ಣಕ್ಕೆ ತಿರುಗಿ ಸ್ಥಿರವಾದ ಮೇಲೆ ಸರಿಯಾಗಿ ಮಲಗಿದೆ ಎಂದರ್ಥ.

ಕಿತ್ತಳೆ ದೀಪ ಉರಿಯುತ್ತಿರುವಾಗ ಗೋಡೆಯ ಸ್ವಿಚ್ ಆರಿಸಬೇಡಿ. ನಮ್ಮ ಮನೆಗಳಲ್ಲಿ ಮಲಗುವ ಮುನ್ನ ಅಮ್ಮನೋ ಅಜ್ಜಿಯೋ ಟಿವಿಯ ಪಕ್ಕದ ಸ್ವಿಚ್‌ಗಳನ್ನೆಲ್ಲ ಆರಿಸಿ ಹೋಗುವುದು ವಾಡಿಕೆ. ಅವರಿಗೆ ಮೊದಲೇ ಹೇಳಿಡಿ, ಆ ಒಂದು ಸ್ವಿಚ್ ಮೇಲೆ ಕಾಗದ ಅಂಟಿಸಿದರೂ ಸರಿಯೇ. ಕರೆಂಟ್ ದಿಢೀರನೆ ಹೋದರೆ ಮುಂದಿನ ಸಲ ಆನ್ ಮಾಡಿದಾಗ ಕನ್ಸೋಲ್ ಸರಿಯಾಗಿ ಆಫ್ ಆಗಿರಲಿಲ್ಲ ಎಂದು ತಿಳಿಸಿ ಸ್ಟೋರೇಜನ್ನು ತಾನೇ ಪರೀಕ್ಷಿಸುತ್ತದೆ. ಆ ಪರೀಕ್ಷೆಯನ್ನು ಪೂರ್ತಿ ಮುಗಿಯಲು ಬಿಡಿ.

ಮಳೆಗಾಲದ ಮಲೆನಾಡಿನಲ್ಲಿ, ಬೇಸಿಗೆಯ ಹಳ್ಳಿಗಳಲ್ಲಿ ಕರೆಂಟ್ ಹೋಗಿ ಬರುವುದು ದಿನಕ್ಕೆ ಹತ್ತು ಸಲ. ಅಲ್ಲಿ ಕನ್ಸೋಲ್‌ಗೆ ಕಂಪ್ಯೂಟರ್ ಯುಪಿಎಸ್ ಇರಲೇಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಮೊದಲ ಮಾದರಿಯ ಪಿಎಸ್5ರ ಗರಿಷ್ಠ ಬಳಕೆ 350 ವ್ಯಾಟ್ ಎಂದು ನಮೂದಾಗಿದೆ, ಆದ್ದರಿಂದ ಟಿವಿಯನ್ನೂ ಅದಕ್ಕೇ ಜೋಡಿಸುವ ಲೆಕ್ಕವಿದ್ದರೆ ತುಸು ದೊಡ್ಡ ಯುಪಿಎಸ್ ತೆಗೆದುಕೊಳ್ಳಿ. ರೂಟರನ್ನು ಮರೆಯಬೇಡಿ. ಕನ್ಸೋಲ್ ಉಳಿದು ರೂಟರ್ ಸತ್ತರೆ ಡೌನ್‌ಲೋಡ್ ನಿಲ್ಲುತ್ತದೆ. ರೂಟರ್‌ಗೆಂದೇ ಸಿಗುವ ಅಂಗೈ ಗಾತ್ರದ 12 ವೋಲ್ಟ್ ಯುಪಿಎಸ್ ಈ ಕೆಲಸಕ್ಕೆ ಸಾಕು.

ಹಂತ 6: ಈಗ ಡೌನ್‌ಲೋಡ್

ಮೊದಲ ಬಾರಿಗೆ ಕೊಂಡಿದ್ದರೆ ಸ್ಟೋರ್ ಪುಟದಿಂದ, ಹಿಂದೆ ಕೊಂಡಿದ್ದರೆ ಗೇಮ್ ಲೈಬ್ರರಿಯ 'ಯುವರ್ ಕಲೆಕ್ಷನ್' ಎಂಬಲ್ಲಿಂದ ಡೌನ್‌ಲೋಡ್ ಒತ್ತಿ. ಹಿಂದೆ ಕೊಂಡ ಗೇಮ್ ಕಾಣದಿದ್ದರೆ ನೀವು ಬೇರೆ ಖಾತೆಯಲ್ಲಿ ಇದ್ದೀರಿ ಎಂದೇ ತಿಳಿಯಿರಿ. ಮನೆಯಲ್ಲಿ ಇಬ್ಬರು ಮೂವರು ಬಳಸುವ ಕನ್ಸೋಲ್‌ನಲ್ಲಿ ಇದು ಪದೇ ಪದೇ ಆಗುತ್ತದೆ.

ಹೊರಗಿದ್ದಾಗ ಫೋನ್‌ನ ಪಿಎಸ್ ಆ್ಯಪ್‌ನಿಂದಲೂ ಶುರುಮಾಡಬಹುದು. ಕನ್ಸೋಲ್ ರೆಸ್ಟ್ ಮೋಡ್‌ನಲ್ಲಿ ಇಂಟರ್‌ನೆಟ್‌ಗೆ ಜೋಡಿಕೊಂಡಿದ್ದರೆ ಬೆಂಗಳೂರಿನ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡಿರುವಾಗಲೇ ಮನೆಯಲ್ಲಿ ಗೇಮ್ ಇಳಿಯುತ್ತಿರುತ್ತದೆ.

ಪ್ರಗತಿ ನೋಡಲು ಪಿಎಸ್ ಗುಂಡಿ ಒಮ್ಮೆ ಒತ್ತಿ, ಕೆಳಗಿನ ಸಾಲಿನಲ್ಲಿ 'ಡೌನ್‌ಲೋಡ್ಸ್/ಅಪ್‌ಲೋಡ್ಸ್' ತೆರೆಯಿರಿ. ನಾಲ್ಕು ಗೇಮ್ ಒಟ್ಟಿಗೆ ಹಚ್ಚಬೇಡಿ. ಬೇಕಾದ್ದು ಒಂದನ್ನು ಬಿಟ್ಟು ಉಳಿದವನ್ನು ಪಾಜ್ ಮಾಡಿ (ತಾತ್ಕಾಲಿಕವಾಗಿ ನಿಲ್ಲಿಸಿ). ಅದೇ ಹೊತ್ತಿಗೆ ಆನ್‌ಲೈನ್ ಆಟ ಆಡುತ್ತಿದ್ದರೆ ಎರಡೂ ಕೆಡುತ್ತವೆ.

ಕೆಲವು ಗೇಮ್‌ಗಳು ಬಿಡಿ ಭಾಗಗಳಾಗಿ ಬರುತ್ತವೆ. ಕಾಲ್ ಆಫ್ ಡ್ಯೂಟಿಯಂಥದರಲ್ಲಿ ಕಥಾಭಾಗ ಬೇರೆ, ಮಲ್ಟಿಪ್ಲೇಯರ್ ಬೇರೆ. ಗೇಮ್ ಚಿಹ್ನೆಯ ಮೇಲೆ ನಿಂತು ಆಪ್ಷನ್ಸ್ ಗುಂಡಿ ಒತ್ತಿ 'ಮ್ಯಾನೇಜ್ ಗೇಮ್ ಕಂಟೆಂಟ್' ತೆರೆದರೆ ಬೇಕಾದ್ದನ್ನಷ್ಟೇ ಇಳಿಸಿಕೊಳ್ಳಬಹುದು. ಗೇಮ್ ಇಳಿದಿದೆ ಆದರೆ ಕಥೆ ಶುರುವಾಗುತ್ತಿಲ್ಲ ಎಂಬ ದೂರಿಗೆ ಉತ್ತರ ಬಹುಪಾಲು ಇಲ್ಲೇ ಇರುತ್ತದೆ.

ಇನ್ನು ಆ ತೊಂಬತ್ತೊಂಬತ್ತರ ವಿಷಯ. ಎಲ್ಲ ಇಳಿದ ಮೇಲೆ ಕನ್ಸೋಲ್ ಅದನ್ನು ಪರಿಶೀಲಿಸಿ, ಜೋಡಿಸಿ, ಅಪ್‌ಡೇಟನ್ನು ಸೇರಿಸಬೇಕು. ಆ ಕೆಲಸಕ್ಕೆ ಇಂಟರ್‌ನೆಟ್ ಬೇಕಿಲ್ಲ, ಆದ್ದರಿಂದ ವೇಗ ಸೊನ್ನೆ ತೋರಿಸಬಹುದು, ಪಟ್ಟಿ ಅಲ್ಲಾಡದೆ ನಿಲ್ಲಬಹುದು. ಅಪ್‌ಡೇಟ್ ದೊಡ್ಡದಿದ್ದರೆ 'ಕಾಪಿಯಿಂಗ್' ಎಂದು ಬಹಳ ಹೊತ್ತು ಕಾಣುವುದೂ ಉಂಟು. ಅಕ್ಕನ ಮಗನಿಗೆ ಆ ರಾತ್ರಿ ಹೇಳಿದ್ದು ಇಷ್ಟೇ: "ಕಂಟ್ರೋಲರ್ ಕೆಳಗಿಡು, ಊಟದ ತಟ್ಟೆ ತೊಳೆದು ಬಾ." ಹದಿನೈದು ನಿಮಿಷಕ್ಕೆ ಅವನೇ ಫೋಟೊ ಕಳಿಸಿದ, ಗೇಮ್ ತೆರೆದುಕೊಂಡಿತ್ತು. ಅರ್ಧ ಗಂಟೆ ಕಳೆದರೂ ಅಲ್ಲಾಡದಿದ್ದರೆ ಮಾತ್ರ ಎಂಟನೆಯ ಹಂತಕ್ಕೆ ಹೋಗಿ.

ಹಂತ 7: ಡಿಸ್ಕ್‌ನಿಂದ ಹಾಕುವವರಿಗೆ

ಡಿಸ್ಕ್ ಇದೆ, ಹಾಗಾಗಿ ಇಂಟರ್‌ನೆಟ್ ಬೇಡ ಎಂದುಕೊಳ್ಳಬೇಡಿ. ಪಿಎಸ್5ರಲ್ಲಿ ಡಿಸ್ಕ್‌ನಲ್ಲಿರುವುದನ್ನೆಲ್ಲ ಒಳಗಿನ ಸ್ಟೋರೇಜ್‌ಗೆ ನಕಲು ಮಾಡಿಕೊಂಡ ಮೇಲೆಯೇ ಆಟ. ಹಾಗೆ ನಕಲಾದ ಮೇಲೂ ಪ್ರತಿ ಸಲ ಆಡುವಾಗ ಡಿಸ್ಕ್ ಒಳಗಿರಬೇಕು. ಜಾಗದ ಲೆಕ್ಕವೂ ಡೌನ್‌ಲೋಡ್‌ನಷ್ಟೇ. ಡಿಸ್ಕ್ ತಯಾರಾದ ಮೇಲೆ ಬಂದ ತಿದ್ದುಪಡಿಗಳನ್ನೆಲ್ಲ ಇಂಟರ್‌ನೆಟ್‌ನಿಂದ ತರಬೇಕು, ಕೆಲವು ಡಿಸ್ಕ್‌ಗಳಲ್ಲಂತೂ ಗೇಮ್‌ನ ಒಂದು ಭಾಗ ಮಾತ್ರ ಇರುತ್ತದೆ.

ಕನ್ಸೋಲ್ ಅಡ್ಡ ಮಲಗಿದ್ದರೆ ಲೇಬಲ್ ಮೇಲೆ ಬರುವಂತೆ ಡಿಸ್ಕ್ ತೂರಿಸಿ. ತಾನೇ ಎಳೆದುಕೊಳ್ಳದಿದ್ದರೆ ತಳ್ಳಬೇಡಿ, ತಿರುಗಿಸಿ ನೋಡಿ. ಸಿಇ-100005-6 ಎಂಬ ದೋಷ ಬಂದರೆ ಡಿಸ್ಕ್ ಓದಲು ಆಗುತ್ತಿಲ್ಲ ಎಂದರ್ಥ. ಮೆತ್ತನೆಯ ಹತ್ತಿಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಿ, ಸುತ್ತ ತಿರುಗಿಸಿ ಉಜ್ಜಬೇಡಿ. ಬೇರೆ ಡಿಸ್ಕ್ ಸರಿಯಾಗಿ ಓದಿದರೆ ತಪ್ಪು ಡಿಸ್ಕ್‌ನದು, ಯಾವುದೂ ಓದದಿದ್ದರೆ ಡ್ರೈವ್‌ನದು. ಹಳೆಯ ಡಿಸ್ಕ್ ಕೊಳ್ಳುವವರು ಅಂಗಡಿಯಲ್ಲೇ ಹಿಂಬದಿಯನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿ.

ಡಿಜಿಟಲ್ ಸ್ಲಿಮ್ ಮಾದರಿಗೆ ಆಮೇಲೆ ಡಿಸ್ಕ್ ಡ್ರೈವ್ ಕೂರಿಸಿಕೊಂಡವರು ಮೊದಲ ಸಲ ಅದನ್ನು ಇಂಟರ್‌ನೆಟ್ ಮೂಲಕ ಕನ್ಸೋಲ್‌ಗೆ ಜೋಡಿಸಬೇಕು. ಮೊದಲ ಮಾದರಿಯ ಡಿಜಿಟಲ್ ಎಡಿಷನ್‌ಗೆ ಇಂಥ ಸೌಲಭ್ಯವೇ ಇಲ್ಲ.

ಹಂತ 8: ನಿಂತುಹೋದಾಗ, ಈ ಕ್ರಮದಲ್ಲೇ

1. ತಪ್ಪು ನಿಮ್ಮದೇ ಎಂದುಕೊಳ್ಳುವ ಮೊದಲು ಪ್ಲೇಸ್ಟೇಷನ್ ನೆಟ್‌ವರ್ಕ್‌ನ ಸ್ಥಿತಿ ತೋರಿಸುವ ಅಧಿಕೃತ ಪುಟವನ್ನು ಫೋನ್‌ನಲ್ಲಿ ನೋಡಿ. 2025ರ ಫೆಬ್ರುವರಿ 7 ಮತ್ತು 8ರಂದು ಆ ಜಾಲ ಜಗತ್ತಿನಾದ್ಯಂತ ಸುಮಾರು ಒಂದು ದಿನ ಬಿದ್ದುಹೋಗಿತ್ತು. ಅಂಥ ದಿನ ರೂಟರ್ ರೀಸೆಟ್ ಮಾಡಿದರೆ ನಮಗೇ ನಷ್ಟ.

2. ಡೌನ್‌ಲೋಡ್ ಪಾಜ್ ಮಾಡಿ, ಒಂದು ನಿಮಿಷ ಬಿಟ್ಟು ಮುಂದುವರಿಸಿ. ರದ್ದು ಮಾಡಬೇಡಿ. ಪಾಜ್ ಮಾಡಿದರೆ ಇಳಿದದ್ದು ಉಳಿಯುತ್ತದೆ.

3. ರೂಟರ್ ಆರಿಸಿ ಎರಡು ನಿಮಿಷ ಬಿಟ್ಟು ಹಚ್ಚಿ. ಆಮೇಲೆ ಕನ್ಸೋಲನ್ನು ರೀಸ್ಟಾರ್ಟ್ ಮಾಡಿ. ರೆಸ್ಟ್ ಮೋಡ್‌ಗೆ ಹಾಕಿ ಎಬ್ಬಿಸುವುದು ರೀಸ್ಟಾರ್ಟ್ ಅಲ್ಲ.

4. ಗೇಮ್ ಮೇಲೆ ಬೀಗದ ಗುರುತು ಬಿದ್ದು ತೆರೆಯದಿದ್ದರೆ ಸೆಟ್ಟಿಂಗ್ಸ್, ಯೂಸರ್ಸ್ ಅಂಡ್ ಅಕೌಂಟ್ಸ್, ಅದರ್ ಎಂಬಲ್ಲಿ 'ರಿಸ್ಟೋರ್ ಲೈಸೆನ್ಸಸ್' ಒತ್ತಿ. ಅಲ್ಲೇ ಇರುವ 'ಕನ್ಸೋಲ್ ಶೇರಿಂಗ್ ಅಂಡ್ ಆಫ್‌ಲೈನ್ ಪ್ಲೇ' ನಿಮ್ಮ ಕನ್ಸೋಲ್‌ನಲ್ಲಿ ಆನ್ ಇದೆಯೇ ನೋಡಿ. ಒಬ್ಬರು ಕೊಂಡದ್ದನ್ನು ಮನೆಯ ಇತರರು ತಮ್ಮ ಖಾತೆಯಲ್ಲಿ ಆಡಲು ಸಾಧ್ಯವಾಗುವುದು ಇದರಿಂದಲೇ.

5. ಡಿಎನ್‌ಎಸ್ (ತಾಣದ ಹೆಸರಿನಿಂದ ಅದರ ವಿಳಾಸ ಹುಡುಕಿಕೊಡುವ ವ್ಯವಸ್ಥೆ) ಬದಲಿಸಿದರೆ ವೇಗ ಎರಡು ಪಟ್ಟು ಎಂಬ ವಿಡಿಯೊಗಳನ್ನು ನೋಡಿ ದಿನ ಹಾಳು ಮಾಡಿಕೊಳ್ಳಬೇಡಿ. ಸಂಪರ್ಕವೇ ಸಿಗದಿದ್ದಾಗ ಕೆಲವೊಮ್ಮೆ ಅದು ನೆರವಾಗುತ್ತದೆ, ಅಷ್ಟೆ.

6. ಇಷ್ಟಾದರೂ ಆಗದಿದ್ದರೆ ಸೇಫ್ ಮೋಡ್. ಕನ್ಸೋಲನ್ನು ಪೂರ್ತಿ ಆಫ್ ಮಾಡಿ. ಪವರ್ ಗುಂಡಿ ಒತ್ತಿ ಹಿಡಿಯಿರಿ, ಒಂದು ಬೀಪ್ ಕೇಳಿಸುತ್ತದೆ. ಬಿಡಬೇಡಿ. ಸುಮಾರು ಏಳು ಸೆಕೆಂಡಿಗೆ ಎರಡನೆಯ ಬೀಪ್, ಆಗ ಬಿಡಿ. ಕಂಟ್ರೋಲರನ್ನು ಕೇಬಲ್‌ನಿಂದ ಜೋಡಿಸಿ ಪಿಎಸ್ ಗುಂಡಿ ಒತ್ತಿ. ಪಟ್ಟಿಯಲ್ಲಿ 'ಕ್ಲಿಯರ್ ಕ್ಯಾಶ್ ಅಂಡ್ ರಿಬಿಲ್ಡ್ ಡೇಟಾಬೇಸ್' ಆರಿಸಿ, ಮೊದಲು ಕ್ಯಾಶ್ (ಸಿಸ್ಟಂ ಕೂಡಿಟ್ಟ ತಾತ್ಕಾಲಿಕ ಕಡತಗಳು) ತೆರವು, ಆಮೇಲೆ ಡೇಟಾಬೇಸ್. ಇದರಿಂದ ಗೇಮ್ ಆಗಲಿ ಪ್ರಗತಿಯಾಗಲಿ ಅಳಿಯುವುದಿಲ್ಲ. ಗೇಮ್‌ಗಳನ್ನು ಅಳಿಸಿದರೂ ಜಾಗ ವಾಪಸ್ ಬರದಿದ್ದಾಗಲೂ ನಾನು ಮೊದಲು ಮಾಡುವುದು ಇದನ್ನೇ.

ಅದೇ ಪಟ್ಟಿಯ ಕೊನೆಯಲ್ಲಿ 'ರೀಸೆಟ್' ಎಂಬ ಪದವಿರುವ ಎರಡು ಸಾಲುಗಳಿವೆ. ಅವೆರಡೂ ಎಲ್ಲವನ್ನೂ ಒರೆಸಿಹಾಕುತ್ತವೆ. ಯಾರೇ ಫೋನ್‌ನಲ್ಲಿ ಹೇಳಿದರೂ ಪ್ರಗತಿಯ ಪ್ರತಿ ಕ್ಲೌಡ್‌ನಲ್ಲಿದೆಯೇ ಎಂದು ನೋಡದೆ ಅವನ್ನು ಮುಟ್ಟಬೇಡಿ.

ಸಿಇ-108255-1 ಎಂಬ ದೋಷ ಒಂದೇ ಗೇಮ್‌ನಲ್ಲಿ ಬಂದರೆ ಆ ಗೇಮ್‌ನ ಅಪ್‌ಡೇಟ್ ನೋಡಿ, ಆಗದಿದ್ದರೆ ಅದೊಂದನ್ನು ಅಳಿಸಿ ಮತ್ತೆ ಇಳಿಸಿ. ಎಲ್ಲ ಗೇಮ್‌ಗಳಲ್ಲೂ ಬರತೊಡಗಿದರೆ, ಅಥವಾ ಆಡುತ್ತಿರುವಾಗಲೇ ಕನ್ಸೋಲ್ ತಾನಾಗಿ ಆರಿಹೋಗುತ್ತಿದ್ದರೆ, ಮತ್ತೆ ಮತ್ತೆ ಇಳಿಸಿ ಉಪಯೋಗವಿಲ್ಲ. ವಾರಂಟಿ ಚೀಟಿ ಹುಡುಕಿ ಸರ್ವಿಸ್ ಸೆಂಟರ್‌ಗೆ ಒಯ್ಯಿರಿ.

ಜಾಗ ಹೆಚ್ಚಿಸಿಕೊಳ್ಳಲು: ಎಂ.2 ಎಸ್‌ಎಸ್‌ಡಿ

ಗೇಮ್ ಅಳಿಸಿ ಅಳಿಸಿ ಬೇಸತ್ತವರಿಗೆ, ಕನ್ಸೋಲ್ ಒಳಗೆ ಕೂರುವ ಪುಟ್ಟ ಪಟ್ಟಿಯಂಥ ಈ ಡ್ರೈವ್ ಒಂದೇ ಶಾಶ್ವತ ದಾರಿ. ಬೇಕಾದ್ದು ನಾಲ್ಕನೇ ತಲೆಮಾರಿನ ಪಿಸಿಐಇ ಎನ್‌ವಿಎಂಇ ಎಸ್‌ಎಸ್‌ಡಿ, ಓದುವ ವೇಗ ಸೆಕೆಂಡಿಗೆ 5500 ಎಂಬಿ ಅಥವಾ ಹೆಚ್ಚು, ಗಾತ್ರ 250 ಜಿಬಿಯಿಂದ 8 ಟಿಬಿ. ಶಾಖ ಹೀರುವ ಲೋಹದ ಹೀಟ್‌ಸಿಂಕ್ ಕಡ್ಡಾಯ, ಅದೂ ಸೇರಿ ಒಟ್ಟು ದಪ್ಪ 11.25 ಮಿಲಿಮೀಟರ್ ಮೀರಬಾರದು. ಲ್ಯಾಪ್‌ಟಾಪ್‌ನಿಂದ ತೆಗೆದ ಸಾಟಾ ಮಾದರಿಯ ಎಂ.2 ನೋಡಲು ಹಾಗೇ ಇರುತ್ತದೆ, ಆದರೆ ನಡೆಯುವುದಿಲ್ಲ.

ಕನ್ಸೋಲ್ ಆಫ್ ಮಾಡಿ, ಎಲ್ಲ ತಂತಿ ಕಳಚಿ, ತಣ್ಣಗಾಗಲು ಬಿಡಿ. ಕೆಲಸಕ್ಕೆ ಕೂರುವ ಮೊದಲು ನೆಲಕ್ಕೆ ಸಂಪರ್ಕವಿರುವ ಲೋಹವನ್ನು ಮುಟ್ಟಿ ಮೈಯ ಸ್ಥಿರವಿದ್ಯುತ್ ಕಳೆದುಕೊಳ್ಳಿ. ಹೊರ ಕವಚ ತೆಗೆದು, ವಿಸ್ತರಣಾ ಕಿಂಡಿಯ ಮುಚ್ಚಳದ ತಿರುಪು ಬಿಚ್ಚಿ. ಒಳಗೆ ಒಂದು ಪುಟ್ಟ ತಿರುಪು ಮತ್ತು ಅದರಡಿ ಉಂಗುರದಂಥ ಸ್ಪೇಸರ್ ಇದೆ. ನಿಮ್ಮ ಎಸ್‌ಎಸ್‌ಡಿಯ ಉದ್ದಕ್ಕೆ ಹೊಂದುವ ತೂತಿಗೆ ಸ್ಪೇಸರನ್ನು ಸರಿಸಬೇಕು, ಅವಸರದಲ್ಲಿ ಜನ ಮರೆಯುವುದು ಇದನ್ನೇ. ಎಸ್‌ಎಸ್‌ಡಿಯ ಕಚ್ಚನ್ನು ಹೊಂದಿಸಿ, ಓರೆಯಾಗಿ ಕೊನೆಯವರೆಗೆ ತೂರಿಸಿ, ಆಮೇಲೆ ಕೆಳಗೆ ಬಾಗಿಸಿ ತಿರುಪು ಬಿಗಿಯಿರಿ. ಮುಚ್ಚಳ ಹಾಕದೆ ಆನ್ ಮಾಡಬೇಡಿ. ಆನ್ ಆದಾಗ ಫಾರ್ಮ್ಯಾಟ್ ಮಾಡಲು ಅದೇ ಕೇಳುತ್ತದೆ.

ಕೊನೆಗೆ ಸೆಟ್ಟಿಂಗ್ಸ್, ಸ್ಟೋರೇಜ್, ಇನ್‌ಸ್ಟಾಲೇಷನ್ ಲೊಕೇಷನ್‌ನಲ್ಲಿ ಪಿಎಸ್5 ಗೇಮ್‌ಗಳು ಎಂ.2ಗೆ ಹೋಗುವಂತೆ ಆರಿಸಿ. ಇದನ್ನು ಬಿಟ್ಟರೆ ಹೊಸ ಗೇಮ್ ಮತ್ತೆ ತುಂಬಿದ ಹಳೆಯ ಜಾಗಕ್ಕೇ ಹೋಗಿ ಕೂರಲು ನೋಡುತ್ತದೆ.

ಎಕ್ಸ್‌ಬಾಕ್ಸ್‌ನಲ್ಲಿ ವ್ಯತ್ಯಾಸ

ಸೀರೀಸ್ ಎಕ್ಸ್‌ನ ಒಂದು ಟಿಬಿಯಲ್ಲಿ ಸಿಗುವುದು ಸುಮಾರು 802 ಜಿಬಿ, ಸೀರೀಸ್ ಎಸ್‌ನ 512ರಲ್ಲಿ 364 ಮಾತ್ರ. ಸೀರೀಸ್ ಎಸ್‌ನಲ್ಲಿ ಡಿಸ್ಕ್ ಡ್ರೈವ್ ಇಲ್ಲ. ಹಳೆಯ ಎಕ್ಸ್‌ಬಾಕ್ಸ್ ಒನ್ ಡಿಸ್ಕ್‌ಗಳು ಮನೆಯಲ್ಲಿದ್ದರೆ ಇದನ್ನು ಕೊಳ್ಳುವ ಮೊದಲೇ ಯೋಚಿಸಿ. ಯುಎಸ್‌ಬಿ ಡ್ರೈವ್‌ನಿಂದ ಹಳೆಯ ತಲೆಮಾರಿನ ಗೇಮ್‌ಗಳನ್ನು ಆಡಬಹುದು, ಸೀರೀಸ್ ಎಕ್ಸ್ ಮತ್ತು ಎಸ್‌ಗೆಂದೇ ಮಾಡಿದವನ್ನು ಇಡಬಹುದಷ್ಟೆ.

ಎಕ್ಸ್‌ಬಾಕ್ಸ್‌ನಲ್ಲಿ ವೇಗ ಕುಸಿಯಲು ಮುಖ್ಯ ಕಾರಣ ಹಿಂದೆ ತೆರೆದೇ ಇರುವ ಗೇಮ್. ಹೋಮ್ ಪರದೆಗೆ ಬಂದರೂ ಗೇಮ್ ನಿಂತಿರುವುದಿಲ್ಲ. ಅದರ ಮೇಲೆ ನಿಂತು ಮೆನು ಗುಂಡಿ ಒತ್ತಿ 'ಕ್ವಿಟ್' ಮಾಡಿ, ಆಮೇಲೆ 'ಮೈ ಗೇಮ್ಸ್ ಅಂಡ್ ಆ್ಯಪ್ಸ್' ಒಳಗಿನ ಕ್ಯೂ ನೋಡಿ. ವೇಗ ಕಣ್ಣೆದುರೇ ಏರುವುದನ್ನು ಬಹಳ ಸಲ ಕಂಡಿದ್ದೇನೆ.

ಸ್ವಿಚ್‌ನಲ್ಲಿ ವ್ಯತ್ಯಾಸ

ಮೊದಲ ಸ್ವಿಚ್‌ನ ಒಳಗಿರುವುದು 32 ಜಿಬಿ, ಒಎಲ್‌ಇಡಿ ಮಾದರಿಯಲ್ಲಿ 64. ಮೈಕ್ರೊ ಎಸ್‌ಡಿ ಕಾರ್ಡ್ ಇಲ್ಲದೆ ದೊಡ್ಡ ಗೇಮ್ ಇಳಿಸುವ ಮಾತೇ ಇಲ್ಲ. 2025ರ ಜೂನ್‌ನಲ್ಲಿ ಬಂದ ಸ್ವಿಚ್ 2ರಲ್ಲಿ 256 ಜಿಬಿ ಇದೆ, ಆದರೆ ಅದರಲ್ಲಿ ಗೇಮ್ ಇಡಲು ಮೈಕ್ರೊ ಎಸ್‌ಡಿ ಎಕ್ಸ್‌ಪ್ರೆಸ್ ಕಾರ್ಡ್ ಮಾತ್ರ ಆಗುತ್ತದೆ. ಹಳೆಯ ಕಾರ್ಡ್ ಕಿಂಡಿಯಲ್ಲಿ ಸಲೀಸಾಗಿ ಕೂರುವುದರಿಂದಲೇ ಜನ ಮೋಸಹೋಗುತ್ತಾರೆ. ಸ್ವಿಚ್ 2ಕ್ಕೆ 'ಗೇಮ್-ಕೀ ಕಾರ್ಡ್' ಎಂಬ ಬಗೆಯೂ ಬಂದಿದೆ. ನೋಡಲು ಮಾಮೂಲಿ ಕಾರ್ಡ್‌ನಂತಿದ್ದರೂ ಅದರಲ್ಲಿ ಗೇಮ್ ಇರುವುದಿಲ್ಲ, ಪೂರ್ತಿ ಇಳಿಸಿಕೊಳ್ಳಬೇಕು, ಆಡುವಾಗ ಕಾರ್ಡನ್ನೂ ಹಾಕಿರಬೇಕು. ಕೊಳ್ಳುವಾಗ ಡಬ್ಬಿಯ ಮುಂಭಾಗದ ಕೆಳಗಿನ ಪಟ್ಟಿ ಓದಿ.

ಜಾಗ ಬೇಕಾದಾಗ ಸ್ವಿಚ್‌ನಲ್ಲಿ 'ಡಿಲೀಟ್' ಬದಲು 'ಆರ್ಕೈವ್' ಆರಿಸಿ. ಗೇಮ್ ಹೋದರೂ ಚಿಹ್ನೆ ಪರದೆಯಲ್ಲೇ ಉಳಿಯುತ್ತದೆ, ಅದನ್ನೇ ಒತ್ತಿ ಮತ್ತೆ ಇಳಿಸಿಕೊಳ್ಳಬಹುದು. ಆಟದ ಪ್ರಗತಿ ಯಾವಾಗಲೂ ಕನ್ಸೋಲ್‌ನ ಒಳಗೇ ಇರುತ್ತದೆ, ಎಸ್‌ಡಿ ಕಾರ್ಡ್‌ನಲ್ಲಿ ಅಲ್ಲ. ಆದ್ದರಿಂದ ಹಳೆಯ ಸ್ವಿಚ್ ಮಾರುವವರು ಕಾರ್ಡ್ ಕಿತ್ತಿಟ್ಟುಕೊಂಡರೆ ಸಾಲದು, ಪ್ರಗತಿಯನ್ನು ಹೊಸ ಕನ್ಸೋಲ್‌ಗೆ ವರ್ಗಾಯಿಸಿದ ಮೇಲೆಯೇ ಹಳೆಯದನ್ನು ಒರೆಸಿ ಕೊಡಬೇಕು.